ಇಲ್ಲಿಯೂ ಸಲ್ಲುವ, ಅಲ್ಲಿಯೂ ಸಲ್ಲುವ ಹೆಸರು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮಗಳೋ ಮಗನೋ ಜರ್ಮನಿಯಲ್ಲಿ ಅಥವಾ ಇಂಗ್ಲೆಂಡಿನಲ್ಲಿದ್ದಾರೆ, ಮನೆಗೆ ಮಗು ಬರುವುದಿದೆ, ಜರ್ಮನ್ ಮತ್ತು ಇಂಗ್ಲಿಷ್ ಎರಡಕ್ಕೂ ಒಗ್ಗುವ ಹೆಸರು ಬೇಕು. ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ, ಅಳಿಯ ಜರ್ಮನಿಯ ಹ್ಯಾನೋವರ್ ಕಡೆಯವರು. ಮುಂದೆ ಯಾವ ದೇಶದಲ್ಲಿ ನೆಲೆಸುತ್ತಾರೋ ಅವರಿಗೇ ಗೊತ್ತಿಲ್ಲ. ಹೆಣ್ಣಾದರೆ ಜೂಲಿಯಾ, ಲೀನಾ, ಲಾರಾ; ಗಂಡಾದರೆ ಪಾಲ್, ಸೈಮನ್, ಫೀಲಿಕ್ಸ್ ಅಂತ ಪಟ್ಟಿ ಕಳಿಸಿದ್ದಾಳೆ. ಇವೆಲ್ಲ ಎರಡೂ ಕಡೆ ಇರುವ ಹೆಸರುಗಳೇ ಅಲ್ಲವೇ? ಅಳಿಯ ಯಾಕೋ ತಲೆಯಾಡಿಸುತ್ತಾರಂತೆ. (ಮೈಸೂರು)

ಉತ್ತರ: ನಿಮ್ಮ ಅಳಿಯ ತಲೆಯಾಡಿಸುವುದಕ್ಕೆ ಕಾರಣವಿದೆ. ಬರೆದಾಗ ಈ ಹೆಸರುಗಳು ಎರಡೂ ಕಡೆ ಒಂದೇ, ಕರೆದಾಗ ಬೇರೆ. ನೀವು ಬರೆದಿರುವುದು ಇಂಗ್ಲಿಷ್ ಉಚ್ಚಾರ. ಜರ್ಮನಿಯಲ್ಲಿ ಅದೇ ಜೂಲಿಯಾ ‘ಯೂಲಿಯಾ’, ಲೀನಾ ‘ಲೇನಾ’, ಲಾರಾ ‘ಲೌರಾ’, ಪಾಲ್ ‘ಪೌಲ್’, ಫೀಲಿಕ್ಸ್ ‘ಫೇಲಿಕ್ಸ್’. ಸೈಮನ್ ಅಂತೂ ‘ಜ಼ೀಮೋನ್’ ಆಗಿಬಿಡುತ್ತಾನೆ.

ಇದರ ಹಿಂದಿನ ನಿಯಮಗಳು ಏಳೆಂಟೇ. ಜರ್ಮನ್‌ನಲ್ಲಿ ‘ಜೆ’ ಅಕ್ಷರಕ್ಕೆ ಯ ಉಚ್ಚಾರ. ‘ಡಬ್ಲ್ಯೂ’ಗೆ ನಮ್ಮ ವ. ‘ಝಡ್’ಗೆ ತ್ಸ. ಸ್ವರಕ್ಕೆ ಮೊದಲು ಬಂದ ‘ಎಸ್’ಗೆ ಜ಼, ಅಂದರೆ ಉರ್ದುವಿನ ಜ಼ಮೀನಿನ ಜ಼. ‘ಎ-ಯು’ ಕೂಡಿದರೆ ಔ. ಒಂಟಿ ‘ಐ’ ಅಕ್ಷರ ಇ ಅಥವಾ ಈ, ಐ ಆಗುವುದಿಲ್ಲ. ಹಾಗಾಗಿ ಇಂಗ್ಲಿಷರ ‘ಐಡಾ’ ಅಲ್ಲಿ ‘ಈಡಾ’. ‘ಜಿ’ ಸಾಮಾನ್ಯವಾಗಿ ಗ: ಹಿಂದಿನ ಚಾನ್ಸಲರ್ ಮರ್ಕೆಲ್ ಅವರ ಹೆಸರನ್ನು ನಮ್ಮ ಟೀವಿಗಳು ಏಂಜೆಲಾ ಎಂದರೂ ಅವರ ಊರಲ್ಲಿ ಅದು ‘ಆಂಗೆಲಾ’. ಇನ್ನು ಕೊನೆಯ ‘ಇ’. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಮೌನ, ಜರ್ಮನ್‌ನಲ್ಲಿ ಹಗುರಾಗಿ ಕೇಳಿಸಲೇಬೇಕು. ಷಾರ್ಲಟ್ ಅಲ್ಲಿ ‘ಷಾರ್ಲೊಟೆ’, ಮಾರ್ಲೀನ್ ‘ಮಾರ್ಲೇನೆ’. ಇದೇ ತಿರುಗುಮುರುಗಾಗಿ ಹೈಕೆ, ಜ಼ಿಲ್ಕೆ, ಆಂಕೆ ಮೊದಲಾದ ಅಚ್ಚ ಜರ್ಮನ್ ಹೆಸರುಗಳು ಲಂಡನ್ನಿನಲ್ಲಿ ಬಾಲ ಕಳೆದುಕೊಂಡು ಹೈಕ್, ಸಿಲ್ಕ್, ಆಂಕ್ ಆಗುತ್ತವೆ.

ಎಲ್ಲ ವ್ಯತ್ಯಾಸವೂ ಒಂದೇ ತೂಕದ್ದಲ್ಲ. ಫೀಲಿಕ್ಸ್–ಫೇಲಿಕ್ಸ್, ಲೀಯೋ–ಲೇಯೋ, ಲೀನಾ–ಲೇನಾ ಇವುಗಳಲ್ಲಿ ಒಂದು ಸ್ವರ ಜರುಗುತ್ತದೆ ಅಷ್ಟೆ. ಹಿಂದಿನಿಂದ ಹೇಗೆ ಕೂಗಿದರೂ ಮಗು ತಿರುಗಿ ನೋಡುತ್ತದೆ. ಇವು ನಮ್ಮ ಲೆಕ್ಕದಲ್ಲಿ ಪಾಸು. ಜೂಲಿಯಾ, ಜೋನಸ್, ಜೊಹಾನಾಗಳಲ್ಲಿ ಮೊದಲ ವ್ಯಂಜನವೇ ಬದಲಾಗುವುದರಿಂದ ತಂದೆತಾಯಿ ಒಂದು ತೀರ್ಮಾನಕ್ಕೆ ಬರಬೇಕು: ಎರಡೂ ದೇಶದಲ್ಲಿ ಒಂದೇ ಉಚ್ಚಾರವನ್ನು ಹಿಡಿದು ನಿಲ್ಲುವುದೋ, ಅಲ್ಲಲ್ಲಿಗೆ ಬಿಟ್ಟುಕೊಡುವುದೋ. ಹಿಡಿದು ನಿಂತರೆ ನಡೆಯುತ್ತದೆ. 2015ರಿಂದ 2024ರವರೆಗೆ ಲಿವರ್‌ಪೂಲ್ ತಂಡದ ಮ್ಯಾನೇಜರ್ ಆಗಿದ್ದ ಯೂರ್ಗೆನ್ ಕ್ಲಾಪ್ ಅವರನ್ನು ಅಲ್ಲಿಯ ಫುಟ್‌ಬಾಲ್ ಅಭಿಮಾನಿಗಳು ಯಾರೂ ‘ಜರ್ಗೆನ್’ ಎನ್ನುತ್ತಿರಲಿಲ್ಲ. ಸೈಮನ್ ಮಾತ್ರ ಬೇಡ. ಎರಡು ಸ್ವರ, ಒಂದು ವ್ಯಂಜನ, ಮೂರೂ ಬದಲಾದ ಮೇಲೆ ಅದು ಬೇರೆಯೇ ಹುಡುಗನ ಹೆಸರು.

ಹಾಗಾದರೆ ನಿರಾಳವಾಗಿ ಇಡಬಹುದಾದವು ಯಾವುವು? ಅನ್ನಾ, ಎಮ್ಮಾ, ಎಲ್ಲಾ, ನೋರಾ, ಮಿಯಾ, ಲಿಂಡಾ, ನೀನಾ. ಟಿಮ್, ಟಾಮ್, ಬೆನ್, ಫಿನ್, ಮ್ಯಾಕ್ಸ್, ಆಸ್ಕರ್, ರಾಬಿನ್. ನೀನಾ ಎಂದು ಇಟ್ಟರೆ ನೀವು ಫೋನಿನಲ್ಲಿ ಕರೆದಾಗಲೆಲ್ಲ ಪ್ರಶ್ನೆ ಕೇಳಿದ ಹಾಗಿರುತ್ತದೆ, ಅದೊಂದು ಬಿಟ್ಟರೆ ತೊಂದರೆಯಿಲ್ಲ. ಕಾಗುಣಿತದಲ್ಲಿ ಎರಡು ದಾರಿ ಇರುವಲ್ಲಿ, ಉದಾಹರಣೆಗೆ ಆಸ್ಕರ್, ಕ್ಲಾರಾ, ಎರಿಕ್, ಲೂಕಸ್‌ಗಳಲ್ಲಿ ಜರ್ಮನರು ‘ಕೆ’ ಹಾಕುವುದು ಹೆಚ್ಚು, ಇಂಗ್ಲಿಷರು ‘ಸಿ’. ಮಗು ಶಾಲೆಗೆ ಹೋಗುವ ದೇಶದ ರೂಢಿಯನ್ನು ಆರಿಸಿ. ಇನ್ನೊಂದು ಕಡೆ ತಪ್ಪಾಗಿ ಬರೆದರೂ ಓದುವುದು ಸರಿಯಾಗಿಯೇ ಓದುತ್ತಾರೆ.

ಪರೀಕ್ಷೆ ಮಾಡುವ ಕ್ರಮವನ್ನೂ ಹೇಳಿಬಿಡುತ್ತೇವೆ, ಮುಂದಿನ ಪ್ರಶ್ನೆಗಳಿಗೂ ಅದೇ. ಹೆಸರನ್ನು ಅಡ್ಡಹೆಸರಿನ ಸಮೇತ ಒಂದು ಚೀಟಿಯಲ್ಲಿ ಬರೆಯಿರಿ. ಜರ್ಮನ್ ಮಾತೃಭಾಷೆಯವರು ಮೂವರಿಗೆ, ಇಂಗ್ಲಿಷಿನವರು ಮೂವರಿಗೆ ತೋರಿಸಿ ಗಟ್ಟಿಯಾಗಿ ಓದಿಸಿ. ಮೊದಲೇ ನೀವು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಪರೀಕ್ಷೆ ಕೆಟ್ಟಿತು. ಅವರ ಮೊದಲ ಓದನ್ನು ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಿ, ತಿದ್ದಿಕೊಂಡು ಎರಡನೇ ಸಲ ಓದಿದ್ದು ಲೆಕ್ಕಕ್ಕಿಲ್ಲ. ಆಸ್ಪತ್ರೆಯ ನರ್ಸ್ ಕಾಯುವ ಕೋಣೆಯಲ್ಲಿ ನಿಂತು ಕೂಗುವುದು ಆ ಮೊದಲ ಓದನ್ನೇ. ಆಮೇಲೆ ಇದರ ಎದುರು ಪರೀಕ್ಷೆ: ಹೆಸರನ್ನು ಬಾಯಲ್ಲಿ ಹೇಳಿ, ಅವರಿಂದ ಬರೆಸಿ. ಆರರಲ್ಲಿ ನಾಲ್ವರು ಸರಿಯಾಗಿ ಬರೆದರೆ ಒಳ್ಳೆಯ ಹೆಸರು.

ಪ್ರಶ್ನೆ: ನಾವಿಬ್ಬರೂ ಕನ್ನಡದವರು, ಸ್ಟುಟ್‌ಗಾರ್ಟಿನಲ್ಲಿ ಕೆಲಸ. ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಜರ್ಮನ್. ಮಗುವಿಗೆ ಕನ್ನಡದ ಹೆಸರೇ ಬೇಕು. ಮೀರಾ, ಪೂಜಾ, ಸ್ಫೂರ್ತಿ. ಗಂಡಾದರೆ ಧ್ರುವ, ಆನಂದ, ನೀಲ್ ಮನಸ್ಸಿನಲ್ಲಿವೆ. (ಸ್ಟುಟ್‌ಗಾರ್ಟ್)

ಉತ್ತರ: ಇದರಲ್ಲಿ ಹೆಸರು ಕೆಡುವುದು ಹೆಚ್ಚಾಗಿ ನಮ್ಮವರ ಇಂಗ್ಲಿಷ್ ಕಾಗುಣಿತದಿಂದ. ಈಕಾರಕ್ಕೆ ಎರಡು ‘ಇ’, ಊಕಾರಕ್ಕೆ ಎರಡು ‘ಓ’ ಹಾಕುವ ರೂಢಿ ನಮ್ಮದು. ಜರ್ಮನ್ ಕಣ್ಣಿಗೆ ಎರಡು ‘ಇ’ ಎಂದರೆ ಏ, ಎರಡು ‘ಓ’ ಎಂದರೆ ಓ. ಮೀರಾ ‘ಮೇರಾ’, ಲೀಲಾ ‘ಲೇಲಾ’ ಆದರೆ ಪರವಾಗಿಲ್ಲ ಎನ್ನೋಣ, ಪೂಜಾ ‘ಪೋಯಾ’ ಆದಾಗ ಏನು ಮಾಡುವುದು? ಮೀರಾಗೆ ಒಂದೇ ‘ಐ’ ಹಾಕಿ, ಎರಡೂ ಭಾಷೆಯಲ್ಲಿ ಸರಿಹೋಗುತ್ತದೆ. ಪೂಜಾಗೆ ‘ಯು’ ಹಾಕಿದರೂ ಜೆ ಉಳಿಯುತ್ತದೆ. ಜೆನಿಫರ್, ಜಸ್ಟಿನ್‌ಗಳನ್ನು ಜರ್ಮನರು ಇಂಗ್ಲಿಷ್ ಹೆಸರೆಂದು ಗುರುತಿಸಿ ಜಕಾರವನ್ನೇ ಬಳಸುತ್ತಾರೆ ನಿಜ, ಆದರೆ ಪರಿಚಯವಿಲ್ಲದ ಹೆಸರಿನಲ್ಲಿ ಕಣ್ಣು ಮೊದಲು ಯಕಾರಕ್ಕೇ ಹೋಗುತ್ತದೆ. ಜ ಉಚ್ಚಾರವನ್ನು ಜರ್ಮನ್ ರೀತಿಯಲ್ಲಿ ಬರೆಯಲು ನಾಲ್ಕು ಅಕ್ಷರ ಬೇಕು: ಡಿ, ಎಸ್, ಸಿ, ಎಚ್. ಆ ಸಾಹಸಕ್ಕೆ ಇಳಿಯಬೇಡಿ, ಇಂಗ್ಲಿಷಿನವರು ಅಲ್ಲೇ ಬಿದ್ದುಹೋಗುತ್ತಾರೆ.

ಸ್ಫೂರ್ತಿಯ ಕಥೆ ಇನ್ನೂ ಮುಂದಿನದು. ಜರ್ಮನ್ ಪದದ ಮೊದಲಲ್ಲಿ ‘ಎಸ್-ಪಿ’ ಬಂದರೆ ಷ್ಪ, ‘ಎಸ್-ಟಿ’ ಬಂದರೆ ಷ್ಟ. ನಿಮ್ಮ ಊರನ್ನೇ ‘ಷ್ಟುಟ್‌ಗಾರ್ಟ್’ ಅನ್ನುವುದಿಲ್ಲವೇ! ಎರಡು ‘ಓ’ ಹಾಕಿ ಬರೆದ ಸ್ಫೂರ್ತಿಯನ್ನು ಅವರು ‘ಷ್ಪೋರ್ಟಿ’ ಎಂದು ಓದುತ್ತಾರೆ, ಕ್ರೀಡೆಗೆ ಅವರ ಮಾತು ‘ಷ್ಪೋರ್ಟ್’. ಸ್ಪಂದನಾ, ಸ್ತುತಿಗೂ ಇದೇ ಗತಿ.

ಧ್ರುವ, ಆನಂದಗಳನ್ನು ನಾವು ಬರೆಯುವಾಗ ಕೊನೆಯ ಅಕಾರ ಬಿಟ್ಟು ವ್ಯಂಜನಕ್ಕೆ ನಿಲ್ಲಿಸುತ್ತೇವೆ. ಜರ್ಮನ್‌ನಲ್ಲಿ ಪದದ ಕೊನೆಗೆ ಬಂದ ಬ, ದ, ಗ, ವಗಳು ಗಟ್ಟಿಯಾಗಿ ಪ, ತ, ಕ, ಫ ಆಗುತ್ತವೆ. ಧ್ರುವ್ ‘ದ್ರೂಫ್’, ಗೌರವ್ ‘ಗೌರಾಫ್’. ಆನಂದ್ ‘ಆನಂತ್’ ಆಗುತ್ತಾನೆ. ನಮ್ಮಲ್ಲಿ ಅನಂತ ಬೇರೆಯೇ ಹೆಸರಾದ್ದರಿಂದ ಅಜ್ಜಿ ಗೊಂದಲಕ್ಕೆ ಬೀಳಬಹುದು. ಕೊನೆಯಲ್ಲಿ ‘ಎ’ ಉಳಿಸಿಕೊಂಡರೆ ಇದು ತಪ್ಪುತ್ತದೆ, ಆದರೆ ಎರಡೂ ಭಾಷೆಯಲ್ಲಿ ಆ-ಕಾರಾಂತ ಹೆಸರು ಹೆಣ್ಣಿನದೆಂದೇ ಮೊದಲ ಊಹೆ. ಅರುಣ್, ಕಿರಣ್, ರೋಹನ್, ಅಶ್ವಿನ್ ಹೀಗೆ ನ, ಣದಲ್ಲಿ ಮುಗಿಯುವ ಹೆಸರುಗಳಿಗೆ ಈ ಯಾವ ಬಾಧೆಯೂ ಇಲ್ಲ. ಅಶ್ವಿನ್‌ಗೆ ‘ಡಬ್ಲ್ಯೂ’ ಹಾಕಿ, ಜರ್ಮನರು ಅದನ್ನು ವ ಎಂದೇ ಓದುತ್ತಾರೆ. ‘ವಿ’ ಹಾಕಿದರೆ ವ ಅನ್ನಬೇಕೋ ಫ ಅನ್ನಬೇಕೋ ಎಂದು ತಡವರಿಸುತ್ತಾರೆ. ಈವಾ ಎಂಬ ಹಳೆಯ ಹೆಸರನ್ನೇ ಅವರಲ್ಲಿ ಕೆಲವರು ‘ಏಫಾ’, ಕೆಲವರು ‘ಏವಾ’ ಅನ್ನುತ್ತಾರೆ.

ನೀಲ್‌ಗೆ ಎರಡೂ ಕಡೆ ಒಪ್ಪುವ ಕಾಗುಣಿತ ಸಿಗುವುದಿಲ್ಲ. ಎರಡು ‘ಇ’ ಹಾಕಿದರೆ ಜರ್ಮನಿಯಲ್ಲಿ ‘ನೇಲ್’, ‘ಇ-ಐ’ ಹಾಕಿದರೆ ‘ನೈಲ್’. ಒಂದೇ ‘ಐ’ ಹಾಕಿದರೆ ಜರ್ಮನ್‌ನಲ್ಲಿ ಸರಿಯಾಗಿ ‘ನೀಲ್’, ಆದರೆ ಅದು ನೈಲ್ ನದಿಯ ಹೆಸರು, ಇಂಗ್ಲಿಷಿನಲ್ಲಿ ಸೊನ್ನೆ. ಬಿಟ್ಟುಬಿಡಿ.

ನಮ್ಮ ರೂಢಿಯೊಂದು ಜರ್ಮನಿಯಲ್ಲಿ ಕೈಹಿಡಿಯುತ್ತದೆ. ತಕಾರಕ್ಕೆ ನಾವು ದಕ್ಷಿಣದವರು ‘ಟಿ-ಎಚ್’ ಬರೆಯುತ್ತೇವೆ. ಉತ್ತರ ಭಾರತದವರು ನಗುತ್ತಾರೆ, ಇಂಗ್ಲಿಷಿನವರು ನಾಲಿಗೆ ಹಲ್ಲಿಗೆ ಸಿಕ್ಕಿಸಿ ಥಕಾರ ಮಾಡುತ್ತಾರೆ, ಜರ್ಮನರಿಗೆ ಅದು ಬರೀ ಟ: ಥಾಮಸ್, ಮಾರ್ಥಾಗಳಲ್ಲಿ ಇದ್ದ ಹಾಗೆ. ‘ಟಿ-ಎಚ್’ ಹಾಕಿ, ‘ಡಬ್ಲ್ಯೂ’ ಹಾಕಿ ಬರೆದ ಸ್ವಾತಿಯನ್ನು ಜರ್ಮನ್ ಬಾಯಿ ನಮಗೆ ತೀರ ಹತ್ತಿರವಾಗಿ ಹೇಳುತ್ತದೆ. ನಿಮ್ಮ ಊರಿನ ಕಡೆ ಇನ್ನೊಂದು ಅನುಕೂಲ, ದಕ್ಷಿಣ ಜರ್ಮನಿಯಲ್ಲಿ ಸುಮಾ, ಸೀತಾಗಳ ‘ಎಸ್’ ಹೆಚ್ಚಾಗಿ ಸಕಾರವಾಗಿಯೇ ಉಳಿಯುತ್ತದೆ. ಉತ್ತರಕ್ಕೆ ಹೋದರೆ ಜ಼ೂಮಾ, ಜ಼ೀಟಾ. ‘ಸಿ-ಎಚ್’ ವಿಷಯದಲ್ಲಿ ಮಾತ್ರ ದಕ್ಷಿಣದಲ್ಲಿ ಎಚ್ಚರ: ಚೀನಾ ದೇಶವನ್ನೇ ಅಲ್ಲಿ ‘ಕೀನಾ’ ಅನ್ನುತ್ತಾರೆ, ಚೇತನ್ ‘ಕೇತನ್’ ಆದರೆ ಆಶ್ಚರ್ಯವಿಲ್ಲ.

ಅರ್ಥದ ಕಡೆಯೂ ಒಮ್ಮೆ ನೋಡಿಕೊಳ್ಳಿ. ಲೀಲಾ ಎಂದರೆ ಜರ್ಮನ್‌ನಲ್ಲಿ ನೇರಳೆ ಬಣ್ಣ, ಅದು ಚೆಂದವೇ. ಆಶಾ ಅವರ ‘ಬೂದಿ’ ಎಂಬ ಪದಕ್ಕೆ ಬಹಳ ಹತ್ತಿರ. ರಕ್ಷಿತ್, ಅಕ್ಷಿತ್, ದೀಕ್ಷಿತ್‌ಗಳ ಕೊನೆಯ ತುಂಡು ಇಂಗ್ಲಿಷಿನಲ್ಲಿ ಏನೆಂದು ಬಿಡಿಸಿ ಹೇಳಬೇಕಿಲ್ಲ, ಜರ್ಮನ್ ಮಕ್ಕಳಿಗೂ ಆ ಪದ ಚೆನ್ನಾಗಿ ಗೊತ್ತು. ಇಟ್ಟರೆ ‘ಟಿ-ಎಚ್’ ತಪ್ಪದೆ ಹಾಕಿ, ಸ್ವಲ್ಪ ಮುಚ್ಚುತ್ತದೆ.

ನಿಮ್ಮ ಪಟ್ಟಿಯಲ್ಲಿ ಹೇಗೂ ಸಲ್ಲುವುದು ಮೀರಾ. ಅದರ ಜೊತೆಗೆ ತಾರಾ, ಮಾಯಾ, ಅನಿತಾಗಳನ್ನೂ ಯೋಚಿಸಿ.

ಪ್ರಶ್ನೆ: ಸ್ವಸ್ತಿಕ್ ಎಂದು ಇಡಬೇಕೆಂದು ನಮ್ಮ ಯಜಮಾನರ ಹಟ. ಆರ್ಯನ್ ಆದರೂ ಆಗಬಹುದು ಅನ್ನುತ್ತಾರೆ. ಮಗ ಬರ್ಲಿನ್ನಿನಲ್ಲಿದ್ದಾನೆ. (ದಾವಣಗೆರೆ)

ಉತ್ತರ: ಎರಡೂ ಬೇಡ. ಸ್ವಸ್ತಿಕ ಹಿಟ್ಲರನ ನಾತ್ಸಿ ಪಕ್ಷದ ಚಿಹ್ನೆಯಾಗಿತ್ತು, ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಜರ್ಮನ್ ದಂಡ ಸಂಹಿತೆಯ 86ಎ ಕಲಮಿನಡಿ ಅಪರಾಧ. ಕಾನೂನು ತಡೆಯುವುದು ಚಿಹ್ನೆಯನ್ನು, ಹೆಸರನ್ನಲ್ಲ. ಆದರೂ ನಮ್ಮ ಸ್ವಸ್ತಿಕ ಮಂಗಳಕರ ಎಂದು ಆ ಮಗು ಶಾಲೆಯ ಪ್ರತಿ ವರ್ಷ, ಪ್ರತಿ ಹೊಸ ಮೇಷ್ಟರ ಮುಂದೆ ವಿವರಣೆ ಕೊಡುತ್ತಾ ಕೂರಬೇಕು. ಆರ್ಯನ್ ಇಂಗ್ಲಿಷಿನಲ್ಲಿ ಅಕ್ಷರಶಃ ಹಿಟ್ಲರನ ಜನಾಂಗವಾದದ ಪದ, ಜರ್ಮನ್‌ನಲ್ಲಿ ಅದರ ರೂಪ ತುಸು ಬೇರೆಯಾದರೂ ಕಿವಿಗೆ ಅದೇ ನೆನಪು. ಅರುಣ್, ರೋಹನ್ ಎಂದು ಯಜಮಾನರನ್ನು ಒಪ್ಪಿಸಿ ನೋಡಿ.

ಇನಿಷಿಯಲ್ ಕಡೆಗೂ ಕಣ್ಣಿಡಿ. ನಮ್ಮಲ್ಲಿ ಎಸ್. ಎಸ್. ಎಂದು ಶುರುವಾಗುವ ಹೆಸರು ಮನೆಗೊಂದು. ಜರ್ಮನಿಯಲ್ಲಿ, ನಾತ್ಸಿ ಕಾಲದ ಪಡೆಗಳು, ಸೆರೆಶಿಬಿರಗಳು ಮುಂತಾದವುಗಳ ಸಂಕ್ಷೇಪಗಳೆಂದು, ಕಾರಿನ ನಂಬರ್ ಪ್ಲೇಟಿಗೇ ಎಸ್‌ಎಸ್, ಎಸ್‌ಎ, ಎಚ್‌ಜೆ, ಕೆಝಡ್, ಎನ್‌ಎಸ್ ಎಂಬ ಜೋಡಿಗಳನ್ನು ಕೊಡುವುದಿಲ್ಲ. ಹೆಸರು ಮತ್ತು ಅಡ್ಡಹೆಸರು ಸೇರಿ ಹಾಗೆ ಬರದಂತೆ ನೋಡಿಕೊಂಡರೆ ಒಳ್ಳೆಯದು.

ಪ್ರಶ್ನೆ: ಬೀಗರ ಹೆಸರು ಯೂರ್ಗೆನ್. ಮೊಮ್ಮಗನಿಗೆ ಎರಡನೇ ಹೆಸರಾಗಿ ಅದನ್ನಿಡಬೇಕಂತೆ. ಮೇಲಿನ ಎರಡು ಚುಕ್ಕೆಯಿಂದ ಪಾಸ್‌ಪೋರ್ಟಿನಲ್ಲಿ ತೊಂದರೆ ಬರುತ್ತದೆಯೇ? (ಧಾರವಾಡ)

ಉತ್ತರ: ಎರಡನೇ ಹೆಸರಾದ್ದರಿಂದ ಇಡಬಹುದು. ಜರ್ಮನ್ ಪಾಸ್‌ಪೋರ್ಟಿನ ಮೇಲ್ಭಾಗದಲ್ಲಿ ಚುಕ್ಕೆ ಇರುವ ‘ಯು’ ಬರುತ್ತದೆ, ಕೆಳಗೆ ಯಂತ್ರ ಓದುವ ಎರಡು ಸಾಲುಗಳಲ್ಲಿ ಅದೇ ‘ಯು-ಇ’ ಆಗುತ್ತದೆ. ಚುಕ್ಕೆಯ ‘ಎ’ಗೆ ‘ಎ-ಇ’, ಚುಕ್ಕೆಯ ‘ಓ’ಗೆ ‘ಓ-ಇ’. ವಿಮಾನದ ಟಿಕೆಟ್ಟಿಗೆ ಯಾವಾಗಲೂ ಕೆಳಗಿನ ಸಾಲಿನ ರೂಪವನ್ನೇ ಕೊಡಿ. ಇಂಗ್ಲೆಂಡಿನ ಶಾಲೆ, ಬ್ಯಾಂಕುಗಳಲ್ಲಿ ಚುಕ್ಕೆ ಹಾರಿಹೋಗಿ ಬರೀ ‘ಯು’ ಉಳಿಯುತ್ತದೆ. ಹೀಗೆ ಒಂದೇ ಹೆಸರಿಗೆ ಮೂರು ರೂಪ. ಅದೇ ಕಾರಣಕ್ಕೆ ಕರೆಯುವ ಹೆಸರಿನಲ್ಲಿ ಚುಕ್ಕೆ ಬೇಡ ಎನ್ನುತ್ತೇವೆ.

ಪ್ರಶ್ನೆ: ನಾಮಕರಣಕ್ಕೆ ಮೊದಲೇ ಹೆಸರು ಬರೆಸಬೇಕೆ? ಜನ್ಮನಕ್ಷತ್ರದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು ಎಲ್ಲ ಸೇರಿಸಬಹುದೇ? (ಮ್ಯೂನಿಕ್)

ಉತ್ತರ: ಜರ್ಮನಿಯಲ್ಲಿ ಜನನವನ್ನು ಒಂದು ವಾರದೊಳಗೆ ‘ಷ್ಟಾಂಡೆಸ್‌ಆಮ್ಟ್’ ಎಂಬ ನೋಂದಣಿ ಕಚೇರಿಗೆ ತಿಳಿಸಬೇಕು, ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯೇ ತಿಳಿಸುತ್ತದೆ. ಹೆಸರನ್ನು ಆಗಲೇ ಕೊಡದಿದ್ದರೆ ಹುಟ್ಟಿದ ಒಂದು ತಿಂಗಳೊಳಗೆ ಕೊಡಬಹುದು. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವ ಮನೆಯವರಿಗೆ ಇದು ಸಾಕಷ್ಟು ಸಮಯ. ಮೂರನೇ ತಿಂಗಳಲ್ಲಿ ನಾಮಕರಣ ಮಾಡುವವರು ಹೆಸರನ್ನು ಮೊದಲೇ ಬರೆಸಿ, ಶಾಸ್ತ್ರ ಆಮೇಲೆ ಮಾಡಿಕೊಳ್ಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 42 ದಿನ, ಸ್ಕಾಟ್ಲೆಂಡಿನಲ್ಲಿ 21 ದಿನ. ಇಂಗ್ಲೆಂಡಿನಲ್ಲಿ ಮನಸ್ಸು ಬದಲಾದರೆ ನೋಂದಣಿಯಾದ 12 ತಿಂಗಳೊಳಗೆ ಹೆಸರು ತಿದ್ದಿಸಲು ದಾರಿಯಿದೆ. ಜರ್ಮನಿಯಲ್ಲಿ ಒಮ್ಮೆ ದಾಖಲಾದ ಮೇಲೆ ಬದಲಿಸಬೇಕಾದರೆ ಗಟ್ಟಿ ಕಾರಣ ತೋರಿಸಬೇಕು. ‘ಸರಿಯಾಗಿ ಉಚ್ಚರಿಸುವುದಿಲ್ಲ’ ಎಂಬಷ್ಟಕ್ಕೇ ಸುಲಭವಾಗಿ ಒಪ್ಪುವುದಿಲ್ಲ.

ಸಂಖ್ಯೆಯ ಮಾತು. ಒಬ್ಬ ತಾಯಿ ಮಗನಿಗೆ ಹನ್ನೆರಡು ಹೆಸರು ಇಡಲು ಹೊರಟಾಗ ಕೋರ್ಟು ಐದಕ್ಕೆ ನಿಲ್ಲಿಸಿತು, 2004ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಿಮ್ಮ ಮೂರು ಹೆಸರಿಗೆ ಧಾರಾಳವಾಗಿ ಜಾಗವಿದೆ. ಕರೆಯುವ ಹೆಸರನ್ನು ಮಾತ್ರ ಮೊದಲು ಬರೆಸಿ. ಜರ್ಮನ್ ಕಾನೂನಿನಲ್ಲಿ ಎಲ್ಲ ಹೆಸರೂ ಸಮಾನ, 2018ರ ನವೆಂಬರಿನಿಂದ ಕ್ರಮವನ್ನು ಹಿಂದುಮುಂದು ಮಾಡಿಸಿಕೊಳ್ಳಲೂ ಬಹುದು. ಆದರೆ ಇಂಗ್ಲಿಷ್ ದೇಶಗಳ ಆಸ್ಪತ್ರೆ, ಬ್ಯಾಂಕು, ಶಾಲೆ ಎಲ್ಲವೂ ಮೊದಲನೆಯದನ್ನೇ ಹಿಡಿದುಕೊಳ್ಳುತ್ತವೆ. ಮೊದಲು ಮನೆದೇವರ ಹೆಸರು ಬರೆಸಿದರೆ ಮಗು ಊರಿಗೆಲ್ಲ ವೆಂಕಟರಮಣನೇ.

ಮಗುವಿಗೆ ಭಾರತದ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಿ. ಅಲ್ಲಿ ಕೇಳುವುದು ಜರ್ಮನ್ ಜನನ ಪತ್ರದಲ್ಲಿ ಇರುವ ಕಾಗುಣಿತವನ್ನೇ. ಆದ್ದರಿಂದ ಷ್ಟಾಂಡೆಸ್‌ಆಮ್ಟಿನಲ್ಲಿ ಸಹಿ ಹಾಕುವ ಮುನ್ನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ.

ಪ್ರಶ್ನೆ: ಕಿರಣ್ ಎಂದು ಹೆಣ್ಣುಮಗುವಿಗೆ ಇಟ್ಟರೆ ಜರ್ಮನಿಯಲ್ಲಿ ಒಪ್ಪುತ್ತಾರೆಯೇ? (ಹಾಸನ)

ಉತ್ತರ: ಒಪ್ಪಲೇಬೇಕು, ಇದೇ ಹೆಸರಿನ ಮೇಲೆ ತೀರ್ಪು ಇದೆ. ಹೆಣ್ಣುಮಗುವಿಗೆ ಕಿರಣ್ ಎಂದು ಇಡಲು ಹೋದಾಗ ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯುವುದಿಲ್ಲ ಎಂದು ಕಚೇರಿ ನಿರಾಕರಿಸಿತ್ತು. ಕಾರ್ಲ್ಸ್‌ರೂಅ ನಗರದಲ್ಲಿರುವ ಜರ್ಮನಿಯ ಸಂವಿಧಾನ ನ್ಯಾಯಾಲಯ 2008ರ ಡಿಸೆಂಬರ್ 5ರಂದು, ಹೆಸರು ಲಿಂಗ ತಿಳಿಸಲೇಬೇಕೆಂಬ ಕಾನೂನು ಇಲ್ಲ ಎಂದಿತು. ಯುರೋಪಿನ ಹೆಸರುಗಳಲ್ಲೇ ಗಡಿ ದಾಟಿದರೆ ಗಂಡು ಹೆಣ್ಣಾಗುವುದುಂಟು: ಯಾನ್ ಜರ್ಮನಿಯಲ್ಲಿ ಹುಡುಗ, ಅದೇ ಅಕ್ಷರಗಳ ಜ್ಯಾನ್ ಇಂಗ್ಲೆಂಡಿನಲ್ಲಿ ಹೆಂಗಸು.

ಪ್ರಶ್ನೆ: ಕೆವಿನ್ ಎರಡೂ ಕಡೆ ಒಂದೇ ಉಚ್ಚಾರ. ಇಡಬಹುದಲ್ಲ? (ಮಂಗಳೂರು)

ಉತ್ತರ: ಉಚ್ಚಾರಕ್ಕೆ ನೂರಕ್ಕೆ ನೂರು. ತೊಂದರೆ ಬೇರೆ ಕಡೆಯಿಂದ. ಜರ್ಮನಿಯಲ್ಲಿ ಕೆವಿನ್, ಜಸ್ಟಿನ್, ಮ್ಯಾಂಡಿ, ಶಾಂತಾಲ್ ಎಂಬ ಹೆಸರುಗಳಿಗೆ ‘ಓದು ಹತ್ತದ ಮನೆಯವರು’ ಎಂಬ ಪೂರ್ವಗ್ರಹ ಅಂಟಿಕೊಂಡಿದೆ. 2009ರಲ್ಲಿ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ ಇದು ಬಯಲಾಗಿ ದೊಡ್ಡ ಚರ್ಚೆಯೇ ಆಯಿತು. ಅನ್ಯಾಯವೇ ಸರಿ, ಆದರೆ ಅದನ್ನು ಎದುರಿಸಬೇಕಾದವನು ನಿಮ್ಮ ಮೊಮ್ಮಗ. ಇಂಗ್ಲೆಂಡಿನಲ್ಲಿ ಇದರ ಜೋಡಿ ಹಾನ್ಸ್ ಮತ್ತು ಫ್ರಿಟ್ಸ್, ಯುದ್ಧದ ಕಾಮಿಕ್ಸ್‌ನ ಜರ್ಮನ್ ಸೈನಿಕರ ಹೆಸರುಗಳು.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಮಗುವಿಗೆ ಏನು ಬರೆಯುತ್ತಾರೆ? (ಫ್ರಾಂಕ್‌ಫರ್ಟ್)

ಉತ್ತರ: ಇದನ್ನು ಹೆರಿಗೆಗೆ ಮುಂಚೆಯೇ ಬಗೆಹರಿಸಿಕೊಳ್ಳಿ. ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ನಮ್ಮ ಪದ್ಧತಿ ಅವರ ಅರ್ಜಿ ನಮೂನೆಗೆ ಹೊಂದುವುದಿಲ್ಲ. ದಾರಿ ಎರಡು. ಭಾರತೀಯ ಪಾಸ್‌ಪೋರ್ಟನ್ನೇ ಹೆಸರು, ಅಡ್ಡಹೆಸರು ಎಂದು ಬೇರ್ಪಡಿಸಿ ಹೊಸದಾಗಿ ಮಾಡಿಸುವುದು ಒಂದು. ಕೊಂಚ ತಿಂಗಳು ಹಿಡಿದರೂ ಎಲ್ಲ ದೇಶಕ್ಕೂ ಇದೇ ಉತ್ತಮ. ಎರಡನೆಯದು, ಜರ್ಮನ್ ಕಾನೂನು ನಿಮಗೆ ಅನ್ವಯವಾಗುವಾಗ ಷ್ಟಾಂಡೆಸ್‌ಆಮ್ಟಿನಲ್ಲಿ ಇದು ಹೆಸರು, ಇದು ಕುಟುಂಬದ ಹೆಸರು ಎಂದು ಘೋಷಣೆ ಕೊಡುವುದು. 2025ರ ಮೇ 1ರಿಂದ ಹೆಸರಿನ ಕಾನೂನು ಬದಲಾಗಿದ್ದು, ಪೌರತ್ವದ ಬದಲು ವಾಸವಿರುವ ದೇಶದ ಕಾನೂನು ಮೊದಲು ಬರುತ್ತದೆ. ತಂದೆತಾಯಿಯ ಎರಡೂ ಅಡ್ಡಹೆಸರನ್ನು ಜೋಡಿಸಿ ಮಗುವಿಗೆ ಕೊಡಲೂ ಈಗ ಅವಕಾಶವಿದೆ. ಗರ್ಭಿಣಿಯ ಏಳನೇ ತಿಂಗಳಲ್ಲೇ ಇಬ್ಬರ ಪಾಸ್‌ಪೋರ್ಟ್, ಮದುವೆ ಪತ್ರ ಹಿಡಿದು ಕಚೇರಿಗೆ ಹೋಗಿ ಕೇಳಿ.

ಪ್ರಶ್ನೆ: ಮುದ್ದಿನ ಹೆಸರಿಗೂ ಇಷ್ಟೆಲ್ಲ ನೋಡಬೇಕೇ? (ಬೆಳಗಾವಿ)

ಉತ್ತರ: ಬೇಡ, ಪುಟ್ಟ, ಬಂಗಾರಿ, ಚಿನ್ನು ಏನಾದರೂ ಕರೆಯಿರಿ. ನಿಮ್ಮ ಕಡೆಯವರಿಗೆ ಒಂದೇ ಸೂಚನೆ: ಮಗು ಚಿಕ್ಕಪ್ಪನನ್ನು ‘ಕಾಕಾ’ ಎಂದು ಜರ್ಮನ್ ಬಾಲವಾಡಿಯ ಬಾಗಿಲಲ್ಲಿ ಕೂಗಿದರೆ ಟೀಚರು ಅದನ್ನು ಕಕ್ಕಸಿಗೆ ಕರೆದೊಯ್ಯುತ್ತಾರೆ.